ಯಾರು ಯಾರಿಗೆ ಆಯುಧ ಮಾರಿದರು: ನಾನು ಹುಡುಕುವ ಬಗೆ

ಮೊದಲು ನಾನು ತೆರೆಯುವುದು ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ದತ್ತಾಂಶ. 1950ರಿಂದೀಚೆಗಿನ ದೊಡ್ಡ ಆಯುಧಗಳ ವರ್ಗಾವಣೆ ಅಲ್ಲಿದೆ. ಅದರ ‘ಟಿಐವಿ’ ಅಂಕಿಯನ್ನು ಡಾಲರ್ ಎಂದು ಓದಬೇಡಿ. ಅದು ಆಯುಧದ ಸಾಮರ್ಥ್ಯದ ಅಳತೆ, ಕೊಟ್ಟ ದುಡ್ಡಲ್ಲ. ಒಮ್ಮೆ ನಾನೇ ಹಾಗೆ ಓದಿ, ಬರೆದದ್ದನ್ನೆಲ್ಲ ಹೊಡೆದುಹಾಕಿದ್ದೆ. ಲಾಠಿ, ಅಶ್ರುವಾಯು ಅಲ್ಲಿ ಸಿಗುವುದಿಲ್ಲ. ಪ್ರತಿಭಟಿಸುವವರ ಮೇಲೆ ಮೊದಲು ಬೀಳುವುದು ಅವೇ! ಅವುಗಳಿಗಾಗಿ, ಮಾರುವ ದೇಶದ ರಫ್ತು ಪರವಾನಗಿ ವರದಿ ನೋಡಿ. ಪರವಾನಗಿ ಬೇರೆ, ಸಾಗಣೆ ಬೇರೆ.

ಆಮೇಲೆ ಕಾನೂನು. 2014ರಲ್ಲಿ ಜಾರಿಗೆ ಬಂದ ಆಯುಧ ವ್ಯಾಪಾರ ಒಪ್ಪಂದದ 7ನೇ ವಿಧಿಯಂತೆ, ರಫ್ತಿಗೆ ಮುನ್ನ ಮಾನವ ಹಕ್ಕು ಉಲ್ಲಂಘನೆಯ ಅಪಾಯ ತೂಗಬೇಕು. ಅಮೆರಿಕ 2013ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ತೀರ್ಪುಗಳನ್ನೂ ಓದಿ: ಸೌದಿಗೆ ಆಯುಧ ರಫ್ತು ಮಾಡಲು ಸರ್ಕಾರ ಪರವಾನಗಿ ಕೊಟ್ಟ ಬಗೆ ಕಾನೂನುಬಾಹಿರ ಎಂದು 2019ರಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಮರುವರ್ಷವೇ ಸರ್ಕಾರ ಪರವಾನಗಿ ಕೊಡಲು ಮತ್ತೆ ಶುರುಮಾಡಿತು.