ಹಳೆಯ ಸಣ್ಣ ಹಡಗೋ, ಹೊಸ ದೊಡ್ಡ ಹಡಗೋ: ನಾನು ಆರಿಸುವ ಬಗೆ

ಬೆಂಗಳೂರು, ಮೈಸೂರು ಕಡೆಯಿಂದ ಕ್ರೂಸ್‌ಗೆ ಹೊರಡುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಮುಂಬೈಗೆ ಹೋಗಿ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಹತ್ತುವುದು. ಇನ್ನೊಂದು, ಸಿಂಗಪುರಕ್ಕೆ ಹಾರಿ ಜೆಂಟಿಂಗ್ ಡ್ರೀಮ್‌ನಂಥ ದೊಡ್ಡ ಹಡಗು ಹಿಡಿಯುವುದು. ಎಂಪ್ರೆಸ್ 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಕಟ್ಟಿದ ಹಡಗು. ಉದ್ದ 211 ಮೀಟರ್, ಗಾತ್ರ ಸುಮಾರು 48,500 ಜಿಟಿ. ಜೆಂಟಿಂಗ್ ಡ್ರೀಮ್ 2016ರದು. ಉದ್ದ 335 ಮೀಟರ್, ಗಾತ್ರ ಒಂದೂವರೆ ಲಕ್ಷ ಜಿಟಿಗೂ ತುಸು ಹೆಚ್ಚು. ಜಿಟಿ ಅಂದರೆ ಹಡಗಿನ ತೂಕವಲ್ಲ, ಅದರ ಒಳಗಿನ ಮುಚ್ಚಿದ ಜಾಗದ ಅಳತೆ.

ಹಡಗಿನ ಪ್ರಾಯ, ಜಾರುಬಂಡೆಗಳ ಸಂಖ್ಯೆ, ಫೋಟೊಗಳು ಇವನ್ನೆಲ್ಲ ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಎರಡೇ: ಹಡಗು ಪ್ರತಿ ಊರಿನಲ್ಲಿ ಎಲ್ಲಿ ನಿಲ್ಲುತ್ತದೆ, ಮತ್ತು ನಮಗೆ ಸಿಗುವ ಕ್ಯಾಬಿನ್ ಹಡಗಿನ ಯಾವ ಭಾಗದಲ್ಲಿದೆ. ಈ ಎರಡರಲ್ಲಿ ಎಡವಿದರೆ ಎಷ್ಟೇ ಹೊಸ ಹಡಗಾದರೂ ಪ್ರವಾಸ ಕೆಡುತ್ತದೆ.

ಒಂದು ಹಾಳೆಯಲ್ಲಿ ಪ್ರತಿ ಬಂದರಿಗೂ ಹಡಗು ಸೇರುವ ಹೊತ್ತು, ಬಿಡುವ ಹೊತ್ತು ಬರೆದುಕೊಳ್ಳಿ. ಸೇರುವ ಹೊತ್ತಿಗೆ ಒಂದು ಗಂಟೆ ಕೂಡಿಸಿ, ಬಿಡುವ ಹೊತ್ತಿನಿಂದ ಒಂದು ಗಂಟೆ ಕಳೆಯಿರಿ. ಹಡಗು ಕಟ್ಟಿ ಇಳಿಯಲು ಅನುಮತಿ ಸಿಗುವುದಕ್ಕೆ, ಮರಳಿ ಹತ್ತುವ ಗಡುವಿಗೆ ಅಷ್ಟು ಬೇಕು. ಉಳಿದುದರಲ್ಲಿ ಊರಿನವರೆಗಿನ ದಾರಿಯ ಸಮಯ ಕಳೆಯಿರಿ. ಗೋವಾ ಅಂದರೆ ಹಡಗು ನಿಲ್ಲುವುದು ವಾಸ್ಕೋ ಪಕ್ಕದ ಮುರಗಾಂವ್ ಬಂದರಿನಲ್ಲಿ. ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ. ಕ್ವಾಲಾಲಂಪುರ ಅಂದರೆ ಪೋರ್ಟ್ ಕ್ಲಾಂಗ್. ಅಲ್ಲಿಂದ ನಗರಕ್ಕೆ ಹೋಗಲು ಒಂದು ಗಂಟೆಯ ಮೇಲೆ, ಬರಲು ಮತ್ತೆ ಅಷ್ಟೇ. ಎಂಟು ಗಂಟೆಯ ನಿಲುಗಡೆಯಲ್ಲಿ ಊರು ನೋಡಲು ಸಿಗುವುದು ನಾಲ್ಕು ಗಂಟೆಯಷ್ಟೇ. ಈ ಲೆಕ್ಕ ಮಾಡಿದ ಮೇಲೆ ನೆಲದ ಮೇಲಿನ ಹೊತ್ತು ತೀರಾ ಕಡಿಮೆ ಎನಿಸಿದರೆ ನೀವು ಕೊಳ್ಳುತ್ತಿರುವುದು ಹಡಗನ್ನೇ. ಆಗ ದೊಡ್ಡದು, ಹೊಸದು ಒಳ್ಳೆಯದು. ಊರುಗಳೇ ಮುಖ್ಯವಾದರೆ ಸಣ್ಣದಕ್ಕೆ ಹೋಗಿ. ವೆನಿಸ್‌ನಂಥ ಕಡೆ ಇದು ಇನ್ನೂ ಸ್ಪಷ್ಟ: 2021ರ ಆಗಸ್ಟ್‌ನಿಂದ 25,000 ಜಿಟಿ ಅಥವಾ 180 ಮೀಟರ್ ಮೀರಿದ ಹಡಗುಗಳಿಗೆ ಊರಿನ ಮುಂದಿನ ಜುಡೆಕ್ಕಾ ಕಾಲುವೆಯಲ್ಲಿ ಪ್ರವೇಶವಿಲ್ಲ.

ಮುಂದಿನ ಪ್ರಶ್ನೆ, ಹಡಗು ಜೆಟ್ಟಿಗೆ ಕಟ್ಟುತ್ತದೋ, ದೂರದಲ್ಲಿ ಲಂಗರು ಹಾಕಿ ದೋಣಿಯಲ್ಲಿ ಇಳಿಸುತ್ತದೋ? ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕುತ್ತವೆ. ಲಕ್ಷದ್ವೀಪದಲ್ಲಿ ಹವಳದ ದಿಬ್ಬಗಳಿರುವುದರಿಂದ ಎಂಪ್ರೆಸ್‌ನಂಥ ಸಣ್ಣ ಹಡಗೂ ಹೊರಗೇ ನಿಲ್ಲಬೇಕು. ದೋಣಿಯ ಲೆಕ್ಕ ಹೀಗೆ. ದೊಡ್ಡ ಹಡಗಿನಿಂದ 3,000 ಜನ ಇಳಿಯುತ್ತಾರೆ, ಒಂದು ದೋಣಿಗೆ 120 ಜನ ಎಂದುಕೊಳ್ಳಿ. 25 ದೋಣಿಗಳಷ್ಟು ಜನ. ನಾಲ್ಕು ದೋಣಿಗಳು, ಹೋಗಿಬರಲು ತಲಾ 40 ನಿಮಿಷವಾದರೆ ಕೊನೆಯವರು ಹೊರಡುವ ಹೊತ್ತಿಗೆ ಸುಮಾರು ನಾಲ್ಕು ಗಂಟೆ ಕಳೆದಿರುತ್ತದೆ. 1,200 ಜನ ಇಳಿಯುವ ಸಣ್ಣ ಹಡಗಿನಲ್ಲಿ ಮೂರೇ ದೋಣಿಗಳಿದ್ದರೂ ಎರಡು ಎರಡೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ದೊಡ್ಡ ಹಡಗಿನಲ್ಲಿ ಹೋಗುವುದಾದರೆ ದೋಣಿಯ ಟೋಕನ್ ಎಲ್ಲಿ, ಎಷ್ಟು ಗಂಟೆಗೆ ಕೊಡುತ್ತಾರೆ ಎಂದು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ಇನ್ನೊಂದು ಮಾತು: ಗಾಳಿ, ಅಲೆ ಹೆಚ್ಚಾದರೆ ಮೊದಲು ರದ್ದಾಗುವುದು ದೋಣಿಯ ಊರೇ. ಮೊಣಕಾಲು ನೋವಿನವರಿಗೆ, ಗಾಲಿಕುರ್ಚಿಯವರಿಗೆ ಅಲುಗುವ ದೋಣಿಗೆ ಕಾಲಿಡುವುದು ಕಷ್ಟ, ಎಷ್ಟೋ ಸಲ ಬಿಡುವುದೂ ಇಲ್ಲ.

ಈಗ ಹೊಯ್ದಾಟದ ವಿಷಯ. ಎಲ್ಲರಿಗೂ ಭಯ ಇರುವುದು ಇಲ್ಲೇ, ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ. ಹಡಗು ಎರಡು ಬಗೆಯಲ್ಲಿ ಆಡುತ್ತದೆ. ಎಡಬಲಕ್ಕೆ ವಾಲುವುದು ಒಂದು, ಮೂತಿ ಎದ್ದು ಬೀಳುವುದು ಇನ್ನೊಂದು. ನೀರಿನೊಳಗೆ ಎರಡೂ ಬದಿಗೆ ರೆಕ್ಕೆಯಂತೆ ಚಾಚುವ ಸ್ಟೆಬಿಲೈಸರ್‌ಗಳು ಎಡಬಲದ ವಾಲಾಟವನ್ನು ಚೆನ್ನಾಗಿ ತಗ್ಗಿಸುತ್ತವೆ. ಹಳೆಯ ಹಡಗಿನಲ್ಲೂ ಅವು ಇರುತ್ತವೆ. ಆದರೆ ಮೂತಿಯ ಏರಿಳಿತಕ್ಕೆ ಅವು ಏನೂ ಮಾಡಲಾರವು. ಹಡಗು ನಿಂತಾಗಲೂ ಹೆಚ್ಚಿನವು ಕೆಲಸ ಮಾಡುವುದಿಲ್ಲ, ಏಕೆಂದರೆ ಅವುಗಳಿಗೆ ಬಲ ಬರುವುದು ನೀರು ಹರಿಯುವುದರಿಂದ. ಮೂತಿಯ ಏರಿಳಿತ ಹೆಚ್ಚುವುದು ಅಲೆಯ ಉದ್ದ, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನದರ ತುದಿಯವರೆಗಿನ ದೂರ, ಹಡಗಿನ ಉದ್ದಕ್ಕೆ ಹತ್ತಿರವಾದಾಗ. ಆಳದ ಕಡಲಿನಲ್ಲಿ ಅಲೆಯ ಅವಧಿಯನ್ನು (ಒಂದು ಅಲೆಯ ತುದಿ ಹಾದ ಮೇಲೆ ಮುಂದಿನದು ಬರುವವರೆಗಿನ ಸೆಕೆಂಡುಗಳನ್ನು) ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 8 ಸೆಕೆಂಡಿನ ಅಲೆ ಸುಮಾರು 100 ಮೀಟರ್. ಎರಡೂ ಹಡಗುಗಳು ಅದರ ಮೇಲೆ ಹಾಯಾಗಿ ಸಾಗುತ್ತವೆ. 11 ಸೆಕೆಂಡಿನದು ಸುಮಾರು 190 ಮೀಟರ್. 211 ಮೀಟರ್ ಹಡಗಿನ ಮೂತಿ ಅದರೊಡನೆ ಏರಿಳಿಯುತ್ತದೆ, 335 ಮೀಟರಿನದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಹವಾಮಾನದ ಆ್ಯಪ್‌ಗಳಲ್ಲಿ ಅಲೆಯ ಎತ್ತರದ ಪಕ್ಕದಲ್ಲಿ ಅವಧಿಯನ್ನೂ ಕೊಟ್ಟಿರುತ್ತಾರೆ. ಎತ್ತರವನ್ನಷ್ಟೇ ನೋಡಿ ಹೆದರಬೇಡಿ, ಅಥವಾ ಧೈರ್ಯ ತಂದುಕೊಳ್ಳಬೇಡಿ.

ಹಾಗಾಗಿ ಋತು ಮುಖ್ಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ನಮ್ಮ ಪಶ್ಚಿಮ ಕರಾವಳಿಯ ಕಡಲು ಬಹುಪಾಲು ಶಾಂತ. ಸಣ್ಣ ಹಡಗಿಗೆ ಅದೇ ಸರಿಯಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಸಿಂಗಪುರದಿಂದ ಪೆನಾಂಗ್‌ವರೆಗಿನ ಮಲಾಕ್ಕಾ ಜಲಸಂಧಿ ಎರಡೂ ಬದಿಗೆ ನೆಲವಿರುವ ಕಡಲು, ದೊಡ್ಡ ಅಲೆ ಏಳುವುದು ಅಪರೂಪ. ಸಮುದ್ರದ ವಾಂತಿಗೆ ಅಂಜುವವರನ್ನು ನಾನು ಅಲ್ಲಿಗೇ ಕಳಿಸುವುದು. ದೊಡ್ಡ ಹಡಗಿಗೂ ಒಂದು ದೌರ್ಬಲ್ಯವಿದೆ. ಅದರ ಬದಿ ಎತ್ತರದ ಗೋಡೆ. ಅಡ್ಡಗಾಳಿ ಜೋರಾದರೆ ಬಂದರಿನ ಬಾಯಿಯಲ್ಲಿ ಅದನ್ನು ಹಿಡಿತದಲ್ಲಿ ಇಡುವುದು ಕಷ್ಟ, ಕ್ಯಾಪ್ಟನ್ ಆ ಊರನ್ನೇ ಬಿಟ್ಟು ಮುಂದೆ ಹೋಗುವುದುಂಟು.

ವಾಂತಿ ತಡೆಯುವ ಅವೋಮಿನ್‌ನಂಥ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ಹಿಂದಿನ ರಾತ್ರಿಯೇ ತೆಗೆದುಕೊಳ್ಳಬೇಕು. ಅದು ನಿದ್ದೆ ತರಿಸುತ್ತದೆ. ಗ್ಲಾಕೋಮಾ, ಪ್ರೋಸ್ಟೇಟ್ ತೊಂದರೆ ಇರುವ ಹಿರಿಯರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಕ್ಯಾಬಿನ್ ಆರಿಸುವಾಗ ಕಂಪನಿಯ ಡೆಕ್ ನಕ್ಷೆಯನ್ನು ಇಳಿಸಿಕೊಂಡು ಮೂರು ಮಹಡಿಗಳನ್ನು ಒಟ್ಟಿಗೆ ನೋಡಿ: ನಿಮ್ಮದು, ಅದರ ಮೇಲಿನದು, ಕೆಳಗಿನದು. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಜಾಗವೇ ಒಳ್ಳೆಯದು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ರಂಗಮಂದಿರ ಇದ್ದರೆ ನಡುರಾತ್ರಿಯವರೆಗೆ ತಮಟೆ. ನಕ್ಷೆಯಲ್ಲಿ ಹೆಸರಿಲ್ಲದೆ ಬಿಳಿಯಾಗಿ ಬಿಟ್ಟ ಜಾಗ ಸಿಬ್ಬಂದಿಯದು. ಅಡುಗೆಮನೆಯ ಗಾಡಿ ಓಡಾಡುವ ಜಾಗವೂ ಆಗಿರಬಹುದು. ಪಕ್ಕದ ಕ್ಯಾಬಿನ್‌ಗೆ ನಡುಬಾಗಿಲು ಇದ್ದರೆ ಮಾತು ಕೇಳಿಸುತ್ತದೆ. ಒಂದೇ ಕುಟುಂಬ ಎರಡು ಕ್ಯಾಬಿನ್ ಹಿಡಿದಾಗ ಮಾತ್ರ ಅದು ಲಾಭ. ಹಡಗಿನ ನಡುಭಾಗ, ಆದಷ್ಟು ಕೆಳಗಿನ ಮಹಡಿ ಅಲುಗಾಟಕ್ಕೆ ಉತ್ತಮ. ತೀರಾ ಮುಂದೆ ಹೋದರೆ ಲಂಗರಿನ ಸರಪಳಿ, ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೌ ಥ್ರಸ್ಟರ್ ಸದ್ದು ನಸುಕಿನಲ್ಲೇ ಎಬ್ಬಿಸುತ್ತವೆ. ಹಳೆಯ ಹಡಗಿನಲ್ಲಿ ತೀರಾ ಹಿಂದೆಯೂ ಬೇಡ. ಅಲ್ಲಿ ಪ್ರೊಪೆಲ್ಲರನ್ನು ಉದ್ದನೆಯ ಶಾಫ್ಟ್ ತಿರುಗಿಸುತ್ತದೆ, ವೇಗ ಏರಿದಾಗ ಹಿಂಬದಿಯ ಕೆಳ ಡೆಕ್ ನಡುಗುತ್ತದೆ, ಮೇಜಿನ ಮೇಲಿನ ಲೋಟ ಗಲಗಲ ಅನ್ನುತ್ತದೆ. 1998ರ ನಂತರ ಬಂದ ದೊಡ್ಡ ಹಡಗುಗಳಲ್ಲಿ ಹಲವಕ್ಕೆ ಹಡಗಿನ ಹೊರಗೆ ನೇತಾಡುವ ವಿದ್ಯುತ್ ಮೋಟಾರಿನ ಪಾಡ್ ಇದೆ. ನಡುಕ ಬಹಳ ಕಡಿಮೆ.

ಕ್ಯಾಬಿನ್ ಒಳಗಿನ ವ್ಯತ್ಯಾಸ ದೊಡ್ಡದು. ಹಳೆಯ ಹಡಗಿನ ಒಳಕ್ಯಾಬಿನ್ ಹತ್ತಿರ ಹತ್ತಿರ 11–12 ಚದರ ಮೀಟರ್. ಇಬ್ಬರು ಒಟ್ಟಿಗೆ ಸೂಟ್‌ಕೇಸ್ ಬಿಚ್ಚಲಾಗದು. ಬಾಲ್ಕನಿ ಇರುವವು ಕೆಲವೇ. ಹೊಸದರಲ್ಲಿ 15 ಚದರ ಮೀಟರಿನ ಆಸುಪಾಸು, ಹೊರಗಿನ ಹೆಚ್ಚಿನ ಕ್ಯಾಬಿನ್‌ಗಳಿಗೆ ಬಾಲ್ಕನಿ. ಹಳೆಯದರಲ್ಲಿ ಮೇಜಿನ ಹತ್ತಿರ ಒಂದೆರಡು ಪ್ಲಗ್ ಬಿಟ್ಟರೆ ಹಾಸಿಗೆಯ ಬಳಿ ಇರುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್, ಇಸ್ತ್ರಿಪೆಟ್ಟಿಗೆ, ಕೆಟಲ್ ಇವನ್ನು ಸ್ಕ್ಯಾನ್ ಮಾಡುವಾಗಲೇ ಎತ್ತಿಟ್ಟುಕೊಳ್ಳುತ್ತಾರೆ. ಯುಎಸ್‌ಬಿ ಇರುವ ಸಾದಾ ಅಡಾಪ್ಟರ್ ಒಯ್ಯಿರಿ. ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪಿಎಪಿ ಯಂತ್ರ ಬಳಸುವವರು ಉದ್ದದ ವೈರ್ ಬೇಕೆಂದು ಮೊದಲೇ ಬರೆದು ತಿಳಿಸಬೇಕು. ಹಳೆಯ ಹಡಗಿನ ಸ್ನಾನದ ಮನೆಗೂ ತೆರೆದ ಡೆಕ್ಕಿನ ಬಾಗಿಲಿಗೂ ಎತ್ತರದ ಹೊಸ್ತಿಲು ಇರುತ್ತದೆ. ಹಿರಿಯರು ರಾತ್ರಿ ಎಡವುವುದು ಅಲ್ಲಿಯೇ.

ಜನಜಂಗುಳಿ ಅಳೆಯಲು ಜಿಟಿಯನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸುತ್ತಾರೆ. ಕ್ಯಾಬಿನ್‌ಗೆ ಇಬ್ಬರಂತೆ ಎಂಪ್ರೆಸ್‌ಗೆ ಸುಮಾರು 1,600 ಜನ: ತಲಾ 30. ಜೆಂಟಿಂಗ್ ಡ್ರೀಮ್‌ಗೆ 3,352: ತಲಾ 45. ಅಂದರೆ ಜನ ಹೆಚ್ಚಿದ್ದರೂ ದೊಡ್ಡದರಲ್ಲಿ ಜಾಗ ಹೆಚ್ಚು. ಶಾಲೆಯ ರಜೆ, ದೀಪಾವಳಿ, ವಾರಾಂತ್ಯಗಳಲ್ಲಿ ಮಾತ್ರ ಕ್ಯಾಬಿನ್‌ಗೆ ಮೂವರು ನಾಲ್ವರು ಸೇರುತ್ತಾರೆ, ಈ ಲೆಕ್ಕ ಕುಸಿಯುತ್ತದೆ. ಸಣ್ಣ ಹಡಗಿನ ಸುಖ ಬೇರೆ: ಊಟದ ಮನೆಯಿಂದ ಡೆಕ್ಕಿಗೆ ನಾಲ್ಕು ಹೆಜ್ಜೆ, ಲಿಫ್ಟಿಗೆ ಕಾಯುವುದಿಲ್ಲ, ಕಡಲು ಎಲ್ಲೆಡೆಯಿಂದ ಕಾಣುತ್ತದೆ. ಬಹಳಷ್ಟು ದೈತ್ಯ ಹಡಗುಗಳ ಮುಖ ಒಳಗಿನ ಅಂಗಡಿ ಬೀದಿಯ ಕಡೆಗೆ.

ಸುರಕ್ಷತೆಯಲ್ಲಿ ಒಂದು ನಿಜವಾದ ಗಡಿಗೆರೆ ಇದೆ, ಇದನ್ನು ಏಜೆಂಟರು ಹೇಳುವುದು ಕಡಿಮೆ. 2010ರ ಜುಲೈ 1ರ ನಂತರ ನಿರ್ಮಾಣ ಶುರುವಾದ, 120 ಮೀಟರ್ ಅಥವಾ ಹೆಚ್ಚು ಉದ್ದದ ಪ್ರಯಾಣಿಕ ಹಡಗುಗಳು, ಒಂದು ಎಂಜಿನ್ ಕೋಣೆಗೆ ಬೆಂಕಿ ಬಿದ್ದರೂ ಇನ್ನೊಂದರ ಬಲದಿಂದ ಬಂದರಿಗೆ ಮರಳುವಂತೆ, ಜನರಿಗೆ ನೀರು, ಶೌಚಾಲಯ, ಬೆಳಕು ಸಿಗುವಂತೆ ಇರಬೇಕೆಂದು ಅಂತರರಾಷ್ಟ್ರೀಯ ಸೋಲಾಸ್ ನಿಯಮ ಹೇಳುತ್ತದೆ. ಹಳೆಯವಕ್ಕೆ ಅದು ಅನ್ವಯಿಸುವುದಿಲ್ಲ. 1999ರ ಕಾರ್ನಿವಲ್ ಟ್ರಯಂಫ್ 2013ರ ಫೆಬ್ರುವರಿಯಲ್ಲಿ ಎಂಜಿನ್ ಕೋಣೆಯ ಬೆಂಕಿಯಿಂದ ಮೆಕ್ಸಿಕೋ ಕೊಲ್ಲಿಯಲ್ಲಿ ವಿದ್ಯುತ್ ಇಲ್ಲದೆ ದಿನಗಟ್ಟಲೆ ಸಿಕ್ಕಿಕೊಂಡದ್ದು ಇದೇ ಕೊರತೆಯನ್ನು ತೋರಿಸಿತು. ಹಾಗೆಂದು ಹಳೆಯ ಹಡಗು ಅಪಾಯ ಎಂದಲ್ಲ. ಪ್ರಯಾಣಿಕ ಹಡಗಿನ ತಳವನ್ನು ಐದು ವರ್ಷದಲ್ಲಿ ಕನಿಷ್ಠ ಎರಡು ಸಲ, ಹಡಗನ್ನು ನೀರಿಲ್ಲದೆ ನಿಲ್ಲಿಸುವ ಡ್ರೈಡಾಕ್‌ನಲ್ಲಿ ಪರೀಕ್ಷಿಸಲೇಬೇಕು. ಕೊನೆಯ ಡ್ರೈಡಾಕ್ ಯಾವಾಗ ಆಯಿತು, ಅಲ್ಲಿ ಏರ್ ಕಂಡಿಷನಿಂಗ್, ಕೊಳಾಯಿ ಕೆಲಸ ಮಾಡಿದರೋ, ಬರೀ ಕಾರ್ಪೆಟ್ ಬದಲಿಸಿದರೋ ಎಂದು ಕೇಳಿ. ಹಳೆಯ ಹಡಗಿನಲ್ಲಿ ಕೈಕೊಡುವುದು ಈ ಎರಡೇ: ತಣ್ಣಗಾಗದ ಕ್ಯಾಬಿನ್, ವಾಸನೆ ಬರುವ ಶೌಚಾಲಯ. ಹತ್ತಿದ ಮೊದಲ ಗಂಟೆಯಲ್ಲೇ ಎರಡನ್ನೂ ಪರೀಕ್ಷಿಸಿ ರಿಸೆಪ್ಷನ್‌ಗೆ ಹೇಳಿ. ಖಾಲಿ ಕ್ಯಾಬಿನ್‌ಗಳು ಕೈಬಿಟ್ಟುಹೋಗುವುದು ಸಂಜೆಯೊಳಗೆ.

ದರ ಹೋಲಿಸುವಾಗ ಟಿಕೆಟ್ ಬೆಲೆಯಲ್ಲೇ ನಿಲ್ಲಬೇಡಿ. ಬಂದರು ಶುಲ್ಕ, ತೆರಿಗೆ, ವಿಮಾನ, ವೀಸಾ, ಹಿಂದಿನ ರಾತ್ರಿಯ ಹೋಟೆಲ್, ವೈಫೈ ಎಲ್ಲ ಸೇರಿಸಿ ರಾತ್ರಿಗಳಿಂದ ಭಾಗಿಸಿ. ಅಂತರರಾಷ್ಟ್ರೀಯ ಹಡಗಿನಲ್ಲಿ ಸಿಬ್ಬಂದಿ ಭಕ್ಷೀಸು ತಲೆಗೆ ದಿನಕ್ಕೆ 18 ಡಾಲರ್ ಎಂದು ಹಿಡಿದರೂ ನಾಲ್ವರಿಗೆ ಮೂರು ರಾತ್ರಿಗೆ 216 ಡಾಲರ್, ಮಕ್ಕಳಿಗೂ ಹಾಕುತ್ತಾರೆ. ಸಿಂಗಪುರಕ್ಕೆ ಬಹುಪ್ರವೇಶದ ವೀಸಾನೇ ಬೇಕು, ಏಕೆಂದರೆ ಹಡಗು ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತದೆ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಹಡಗಿನ ಉಪಗ್ರಹ ಜಾಲಕ್ಕೆ ತಾನೇ ಸೇರಿ ಬಿಲ್ ಏರಿಸುತ್ತದೆ.

ಹತ್ತರಿಂದ ಹದಿನಾರರ ಮಕ್ಕಳಿದ್ದರೆ ನನ್ನ ಮತ ದೊಡ್ಡ ಹಡಗಿಗೆ. ಸಮುದ್ರ ನೋಡುತ್ತ ಕೂರಲು ಬಯಸುವ ದಂಪತಿಗೆ, ಪಾಸ್‌ಪೋರ್ಟ್ ಇಲ್ಲದ ಹಿರಿಯರಿಗೆ ಚಳಿಗಾಲದ ಮುಂಬೈ–ಗೋವಾ ಸಣ್ಣ ಹಡಗು. ಯಾವುದೇ ಆಗಲಿ, ‘ಗ್ಯಾರಂಟಿ ಕ್ಯಾಬಿನ್’ ಎಂಬ ಅಗ್ಗದ ಟಿಕೆಟ್ ಬೇಡ. ಅದರಲ್ಲಿ ಕ್ಯಾಬಿನ್ ಆರಿಸುವುದು ಕಂಪನಿ, ಉಳಿದುದೇ ನಿಮಗೆ. ಹಣ ಕಟ್ಟುವ ಮೊದಲು ಕ್ಯಾಬಿನ್ ನಂಬರನ್ನು ಬರಹದಲ್ಲಿ ಪಡೆದು ಡೆಕ್ ನಕ್ಷೆಯ ಜತೆ ಹೊಂದಿಸಿ ನೋಡಿ.