ವೈರಸ್ ಬಾಗಿಲು ತೆಗೆದರೆ ಸಾಲದು, ಅಯೋಡಿನ್ ಒಳಗೆ ನಿಲ್ಲಬೇಕು

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ರಜೆಯಲ್ಲಿ ಊರಿಗೆ ಹೋದರೆ ದೊಡ್ಡಮ್ಮ ಕೇಳುವುದು ಒಂದೇ: "ನೀನು ಅಲ್ಲಿ ಎಂತ ಮಾಡುವುದು ಕೂಸೇ?" ಅವರಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು. ಮಂಗಳೂರಿನಲ್ಲಿ ಆಪರೇಷನ್ ಆದ ಮೇಲೆ ರೇಡಿಯೋ ಅಯೋಡಿನ್, ಅಂದರೆ ಕ್ಯಾನ್ಸರ್ ಸೆಲ್ ಕೊಲ್ಲಲಿಕ್ಕೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟು, ಮೂರು ದಿನ ಒಂದು ಕೋಣೆಯಲ್ಲಿ ಒಬ್ಬರನ್ನೇ ಇರಿಸಿದ್ದರು. ಹಾಗಾಗಿ ನನ್ನ ಪಿಎಚ್‌ಡಿ ಏನು ಅಂತ ಅವರಿಗೆ ಹೇಳುವುದು ಸುಲಭ. "ನಿಮಗೆ ಕೊಟ್ಟರಲ್ಲ, ಅದೇ ಅಯೋಡಿನ್. ಬೇರೆ ಕ್ಯಾನ್ಸರೂ ಅದನ್ನು ಕುಡಿಯುವ ಹಾಗೆ ಮಾಡುವುದು."

ಥೈರಾಯ್ಡ್ ಸೆಲ್‌ಗಳ ಪೊರೆಯಲ್ಲಿ ರಕ್ತದಿಂದ ಅಯೋಡಿನ್ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ನಾವು ಎನ್‌ಐಎಸ್ ಅನ್ನುತ್ತೇವೆ, ಅಯೋಡಿನ್‌ಗೆ ಅದೇ ಬಾಗಿಲು. ಅದರ ಜೀನ್ ಸಿಕ್ಕಿದ್ದು 1996ರಲ್ಲಿ. ಥೈರಾಯ್ಡ್ ರೋಗಿಗಳಿಗೆ ರೇಡಿಯೋ ಅಯೋಡಿನ್ ಕೊಡುವುದು ಮಾತ್ರ 1941ರಲ್ಲೇ ಶುರುವಾಗಿತ್ತು. ಬೇರೆ ಹೆಚ್ಚಿನ ಕ್ಯಾನ್ಸರ್‌ಗಳಿಗೆ ಈ ಬಾಗಿಲು ಇಲ್ಲ. ದಡಾರದ ಲಸಿಕೆಯ ವೈರಸ್ಸಿಗೆ ಆ ಜೀನ್ ಸೇರಿಸಿದರೆ, ಅದು ಹೊಕ್ಕ ಕ್ಯಾನ್ಸರ್ ಸೆಲ್‌ಗೆ ಬಾಗಿಲು ಬರುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2004ರಲ್ಲೇ ಇಲಿಗಳಲ್ಲಿ ಇದನ್ನು ಮಾಡಿ ತೋರಿಸಿದ್ದರು. ನಾನು ಹಿಡಿದದ್ದು ಅಂಡಾಶಯದ ಕ್ಯಾನ್ಸರ್ ಸೆಲ್‌ಗಳನ್ನು.

ಈ ರೇಡಿಯೋ ಅಯೋಡಿನ್, ಅಂದರೆ ಅಯೋಡಿನ್-131ರ ಬೀಟಾ ಕಣಗಳು ಮೈಯೊಳಗೆ ಹೆಚ್ಚೆಂದರೆ ಎರಡು ಮಿಲಿಮೀಟರ್ ಹೋಗುತ್ತವೆ. ವೈರಸ್ ಮುಟ್ಟದೆ ಬಿಟ್ಟ ಪಕ್ಕದ ಸೆಲ್‌ಗೂ ತಾಗುತ್ತದೆ, ಆಚೆಯ ಅಂಗಕ್ಕೆ ತಾಗುವುದಿಲ್ಲ. ಗಾಮಾ ಕಿರಣ ಹೊರಗೆ ಬರುತ್ತದೆ, ದೊಡ್ಡಮ್ಮನನ್ನು ಕೋಣೆಯಲ್ಲಿ ಇರಿಸಿದ್ದು ಅದಕ್ಕೇ. ನಮ್ಮ ಎಣ್ಮಕಜೆ ಕಡೆ 2000ನೇ ಇಸವಿಯವರೆಗೂ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಡುತ್ತಿದ್ದರು, ಹುಳಕ್ಕೆ ಅಂತ ಬಿಟ್ಟದ್ದು ಬಾವಿಗೂ ಬಿತ್ತು, ಮನೆ ಅಂಗಳಕ್ಕೂ ಬಿತ್ತು. ಮದ್ದು ಬೀಳಬೇಕಾದಲ್ಲೇ ಬೀಳಬೇಕು ಅನ್ನುವುದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

ವೈರಸ್ ಬೆಳೆಸುವುದು ಅಷ್ಟೇನೂ ಕಷ್ಟ ಆಗಲಿಲ್ಲ. ದಡಾರದ ವೈರಸ್ ಹೊಕ್ಕ ಸೆಲ್‌ಗಳು ಪಕ್ಕದವುಗಳ ಜೊತೆ ಕೂಡಿ ಒಂದೇ ದೊಡ್ಡ ಮುದ್ದೆಯಾಗುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಲಸಿನ ಹಣ್ಣನ್ನು ಅಡ್ಡ ಕೊಯ್ದ ಹಾಗೆ, ಒಂದೇ ಸಿಪ್ಪೆಯೊಳಗೆ ಹತ್ತಾರು ಬೀಜ. ಮೊದಲ ಸಲ ಕಂಡಾಗ ಖುಷಿಯಲ್ಲಿ ಲ್ಯಾಬಿನವರನ್ನೆಲ್ಲ ಕರೆದಿದ್ದೆ.

ಆಮೇಲೆ ಆರು ತಿಂಗಳು ಕಣ್ಣೀರು. ಪ್ಲೇಟಿನ ಸೆಲ್‌ಗಳಿಗೆ ವೈರಸ್ ಹಾಕಿ, ಎರಡು ದಿನ ಬಿಟ್ಟು, ರೇಡಿಯೋ ಅಯೋಡಿನ್ ಕೊಟ್ಟು, ತೊಳೆದು, ಗಾಮಾ ಕೌಂಟರಿನಲ್ಲಿ ಅಳೆಯಬೇಕು. ವೈರಸ್ ಹಾಕಿದ ಸೆಲ್, ಹಾಕದ ಸೆಲ್, ಎರಡರ ಲೆಕ್ಕವೂ ಹೆಚ್ಚು ಕಡಿಮೆ ಒಂದೇ. ವೈರಸ್ಸೇ ಸರಿ ಇಲ್ಲ ಅಂದುಕೊಂಡು ಮತ್ತೆ ಬೆಳೆಸಿದೆ, ಜೀನ್ ಸೀಕ್ವೆನ್ಸ್ ಮಾಡಿಸಿದೆ, ಎಲ್ಲ ಸರಿಯಾಗಿಯೇ ಇತ್ತು. ಒಂದು ದಿನ ಲ್ಯಾಬಿನ ಸೀನಿಯರ್ ಅಕ್ಕ ಸುಮ್ನೆ ಪಕ್ಕದಲ್ಲಿ ನಿಂತು ನೋಡಿ, "ಐಸ್ ಎಲ್ಲಿ?" ಅಂದರು. ತೊಳೆಯುವ ದ್ರವದ (ಬಫರ್) ಬಾಟಲಿ ಮೇಜಿನ ಮೇಲೆ ಇತ್ತು. ನಾನು ಪ್ಲೇಟಿನಲ್ಲಿ ಸೆಲ್ ಇರುವ ಒಂದೊಂದು ಗುಳಿಯನ್ನೂ ನಿಧಾನಕ್ಕೆ ಮೂರು ಸಲ ತೊಳೆಯುತ್ತಿದ್ದೆ. ಥೈರಾಯ್ಡ್ ಆದರೆ ಒಳಗೆ ಬಂದ ಅಯೋಡಿನ್ನನ್ನು ಪ್ರೋಟೀನಿಗೆ ಕಟ್ಟಿಹಾಕುತ್ತದೆ. ಕ್ಯಾನ್ಸರ್ ಸೆಲ್‌ಗೆ ಆ ಏರ್ಪಾಡು ಇಲ್ಲ, ತಣ್ಣಗೆ ಇಡದಿದ್ದರೆ ನಿಮಿಷಗಳಲ್ಲೇ ಸೋರಿಹೋಗುತ್ತದೆ. ಒಳಗೆ ಬಂದದ್ದನ್ನೆಲ್ಲ ನಾನೇ ತೊಳೆದು ಚೆಲ್ಲಿದ್ದೆ.

ಬಾಟಲಿ ಐಸಿನಲ್ಲಿ ಹುಗಿದಿಟ್ಟು, ನಾಲ್ಕು ನಾಲ್ಕೇ ಗುಳಿ, ಒಂದೇ ಸಲ, ಬೇಗ. ಅವತ್ತು ಲೆಕ್ಕ ಏರಿತು. ಪರ್‌ಕ್ಲೋರೇಟ್ ಹಾಕಿದ ಗುಳಿಗಳಲ್ಲಿ ಮಾತ್ರ ಕೆಳಗೇ ಉಳಿಯಿತು. ಪರ್‌ಕ್ಲೋರೇಟ್ ಎನ್‌ಐಎಸ್‌ಗೆ ಅಡ್ಡ ಕೂರುತ್ತದೆ. ಅಂದರೆ ಅಯೋಡಿನ್ ಬಂದದ್ದು ನಮ್ಮ ಬಾಗಿಲಿನಿಂದಲೇ. ಈ ಕೆಲಸ ಶುರು ಮಾಡುವವರು ಆ ಗುಳಿಗಳನ್ನು ಯಾವತ್ತೂ ಬಿಡಬೇಡಿ.

ಇನ್ನೊಂದು ತಲೆನೋವು ಹೊತ್ತಿನದು. ಮೊದಲ ದಿನ ಪ್ರೋಟೀನ್ ಸಾಕಷ್ಟು ಬಂದಿರುವುದಿಲ್ಲ. ಮೂರನೇ ದಿನಕ್ಕೆ ಮುದ್ದೆಗಳು ಒಡೆಯುತ್ತವೆ, ಸತ್ತ ಸೆಲ್ ಅಯೋಡಿನ್ ಹಿಡಿಯುವುದಿಲ್ಲ. ನನ್ನ ಸೆಲ್‌ಗಳಿಗೆ 48 ಗಂಟೆ ಸರಿಹೋಯಿತು. ಒಮ್ಮೆ ಅಯೋಡಿನ್ ಪಾರ್ಸೆಲ್ ಎರಡು ದಿನ ತಡವಾಗಿ ಇಡೀ ಪ್ಲೇಟುಗಳು ಹಾಳಾದವು. ಈಗ ಮೂರು ದಿನ ಬೆನ್ನುಬೆನ್ನಿಗೆ ಮೂರು ಬ್ಯಾಚಿಗೆ ವೈರಸ್ ಹಾಕುತ್ತೇನೆ, ಪಾರ್ಸೆಲ್ ಒಂದೆರಡು ದಿನ ಆಚೀಚೆ ಆದರೂ ಒಂದು ಬ್ಯಾಚ್ ತಯಾರಿರುತ್ತದೆ. ಕೆಲಸ ಜಾಸ್ತಿ, ಆದರೆ ನಿದ್ದೆ ಬರುತ್ತದೆ.

ಕಳೆದ ಸಲ ಹೋದಾಗ ಇದನ್ನೆಲ್ಲ ಹೇಳಿದೆ. ದೊಡ್ಡಮ್ಮ ಅಡಿಕೆ ಸುಲಿಯುತ್ತಾ ಕೇಳಿದರು, "ಸೋರುವುದನ್ನು ನಿಲ್ಲಿಸಲಿಕ್ಕೆ ಆಗುವುದಿಲ್ಲವಾ?" ಸದ್ಯಕ್ಕೆ ನಾನು ಬೇರೆ ದಾರಿ ನೋಡುತ್ತಿದ್ದೇನೆ. ವಿಕಿರಣ ಸೂಸುವ ಇನ್ನೊಂದು ವಸ್ತು ರೀನಿಯಂ-188 ಕೂಡ ಅದೇ ಬಾಗಿಲಿನಿಂದ ಒಳಗೆ ಹೋಗುತ್ತದೆ. ಅಯೋಡಿನ್-131ರ ಅರ್ಧಾಯುಷ್ಯ (ಅರ್ಧದಷ್ಟು ಕರಗಲಿಕ್ಕೆ ಬೇಕಾದ ಹೊತ್ತು) 8 ದಿನ, ಇದರದ್ದು 17 ಗಂಟೆ. ಒಳಗೆ ನಿಲ್ಲುವ ಸ್ವಲ್ಪ ಹೊತ್ತಿನಲ್ಲೇ ಜಾಸ್ತಿ ಪೆಟ್ಟು ಕೊಡುತ್ತದೆ. "ಹಾಗಾದರೆ ಅದನ್ನೇ ನೋಡು," ಅಂದರು. ಮುಂದಿನ ತಿಂಗಳು ಅದರ ಮೊದಲ ಪ್ಲೇಟ್.