ಸಾಮೋಸ್‌ನ ಹೇರಾ ಗುಡಿಯ ಹರಕೆ ಸಾಮಾನುಗಳನ್ನು ನೋಡುವುದು ಹೇಗೆ

ಮೊದಲ ಸಲ ನಾನು ಎಡವಟ್ಟು ಮಾಡಿಕೊಂಡೆ. ಟರ್ಕಿಯ ಕುಶಾದಾಸಿಯಿಂದ ಫೆರಿ ಹತ್ತಿ ಗ್ರೀಸಿನ ಸಾಮೋಸ್ ದ್ವೀಪದಲ್ಲಿ ಇಳಿದವನೇ ನೇರ ಗ್ರೀಕರ ಹಳೆಯ ದೇವತೆ ಹೇರಾಳ ಗುಡಿಯ ಜಾಗಕ್ಕೆ ಹೋದೆ. ಜುಲೈ ಬಿಸಿಲು. ಎದ್ದು ನಿಂತಿರುವುದು ಒಂದೇ ಒಂದು ಕಂಬ, ಅದೂ ಅರ್ಧ. "ಇದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?" ಅಂದಳು ನನ್ನ ಹೆಂಡತಿ.

ಹಾಗಾಗಿ ಮೊದಲು ಮ್ಯೂಸಿಯಂ, ಆಮೇಲೆ ಗುಡಿ. ಮ್ಯೂಸಿಯಂ ಇರುವುದು ವಾಥಿ ಊರಿನಲ್ಲಿ. 2020ರ ಅಕ್ಟೋಬರ್ ಭೂಕಂಪದಲ್ಲಿ ದ್ವೀಪಕ್ಕೆ ಜೋರು ಪೆಟ್ಟು ಬಿದ್ದಿತ್ತು, ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ.

ಒಳಗೆ 4.75 ಮೀಟರ್ ಎತ್ತರದ ಅಮೃತಶಿಲೆಯ ಹುಡುಗ ನಿಂತಿದ್ದಾನೆ. 1980ರಲ್ಲಿ ಸಿಕ್ಕವನು. ಕೊಟ್ಟವನು ಇಸ್ಖೆಸ್, ತೊಡೆಯ ಮೇಲೇ ಹೆಸರು ಕೆತ್ತಿಸಿದ್ದಾನೆ. ನಮ್ಮಲ್ಲಿ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸುತ್ತಾರಲ್ಲ, ಹಾಗೆ. ಎಲ್ಲರೂ ಇಲ್ಲೇ ಫೋಟೋ ತೆಗೆಯುತ್ತಾ ನಿಲ್ಲುತ್ತಾರೆ. ನಿಮಗೆ ಐದು ನಿಮಿಷ ಸಾಕು.

ಜಾಸ್ತಿ ಹೊತ್ತು ಕೊಡಬೇಕಾದದ್ದು ಸಣ್ಣ ಸಾಮಾನುಗಳಿಗೆ. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಇದು ಯಾವ ಕಡೆಯಿಂದ ಹಡಗು ಹತ್ತಿ ಬಂತು? ಈಜಿಪ್ಟಿನ ಕಂಚಿನ ದೇವತೆಗಳಿವೆ. ಬ್ಯಾಬಿಲೋನಿನ ಗುಲಾ ದೇವತೆಯ ನಾಯಿ ಇದೆ. ಕುದುರೆಯ ಹಣೆಗೆ ಕಟ್ಟುವ ಕಂಚಿನ ತಗಡೊಂದನ್ನು ಮಾತ್ರ ಬಿಡಲೇಬೇಡಿ. ಅದರ ಮೇಲೆ ಬೆತ್ತಲೆ ಹೆಂಗಸರು, ಸಿಂಹದ ತಲೆಗಳು; ಜೊತೆಗೆ ಸಿರಿಯಾ ಕಡೆಯ ಹಳೆಯ ಭಾಷೆ ಅರಾಮಿಕ್‌ನಲ್ಲಿ ಒಂದು ಸಾಲು. ಕ್ರಿ.ಪೂ. 9ನೇ ಶತಮಾನದ ದಮಾಸ್ಕಸ್ ರಾಜ ಹಜಾಯೇಲನ ಹೆಸರು ಅದರಲ್ಲಿದೆ. ಅದೇ ಸಾಲು ಇರುವ ಕುದುರೆಯ ಕಣ್ಣುಪಟ್ಟಿ ಗ್ರೀಸಿನ ಇನ್ನೊಂದು ಮೂಲೆಯಲ್ಲಿ, ಎರೆಟ್ರಿಯಾ ಊರಿನ ಅಪೊಲೊ ದೇವರ ಗುಡಿಯಲ್ಲಿ ಸಿಕ್ಕಿದೆ. ಒಬ್ಬ ರಾಜನ ಕುದುರೆ ಸಾಜು ಎರಡು ದೇವರ ಪಾಲಾಯಿತು, ಅಲ್ವಾ?

ಮುಂದೆ ಗ್ರಿಫಿನ್ ಅನ್ನುವ ಕಥೆಯ ಪ್ರಾಣಿಯ ತಲೆಗಳು. ಹದ್ದಿನ ಕೊಕ್ಕು, ಉದ್ದ ಕಿವಿ. ಇವನ್ನು ಕಂಚಿನ ಕೊಪ್ಪರಿಗೆಗಳ ಅಂಚಿಗೆ ಕೂರಿಸುತ್ತಿದ್ದರು. ಇಲ್ಲಿ ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳಿದ ಕೊಲಾಯೊಸ್‌ನ ಕಥೆ ನೆನಪಿಸಿಕೊಳ್ಳಿ. ಈಜಿಪ್ಟಿಗೆ ಹೊರಟ ಈ ಸಾಮೋಸಿನವನನ್ನು ಗಾಳಿ ಪಶ್ಚಿಮಕ್ಕೆ ತಳ್ಳಿಕೊಂಡು ಹೋಗಿ ಸ್ಪೇನಿನ ಟಾರ್ಟೆಸೋಸ್ ಮುಟ್ಟಿಸಿತು. ಭರ್ಜರಿ ಲಾಭ. ಹತ್ತರಲ್ಲಿ ಒಂದು ಪಾಲು, 6 ಟ್ಯಾಲೆಂಟ್ (ಆಗಿನ ತೂಕ-ಹಣದ ಲೆಕ್ಕ), ತೆಗೆದಿಟ್ಟು ಇಂಥದ್ದೇ ಕೊಪ್ಪರಿಗೆ ಮಾಡಿಸಿ ಹೇರಾಗೆ ಒಪ್ಪಿಸಿದರು.

ನನ್ನ ಕಾಲು ಕಟ್ಟಿಹಾಕಿದ್ದು ಪುಟ್ಟ ಪುಟ್ಟ ಮರದ ದೋಣಿಗಳು. ಸುಮಾರು ನಲವತ್ತು ಸಿಕ್ಕಿವೆ. ಒಂದೇ ತುಂಡಿನಿಂದ ಕೆತ್ತಿದವು, ನಯನಾಜೂಕು ಏನಿಲ್ಲ. ಇಪ್ಪತ್ತೆರಡು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದವನು ನಾನು. ಡ್ಯೂಟಿ ಮುಗಿಸಿ ಡೆಕ್ ಮೇಲೆ ಕೂತು ಕೆತ್ತಿದ ಹಾಗೆ ಕಂಡವು. ಯಾಕೆ ಕೊಟ್ಟರು ಅಂತ ವಿದ್ವಾಂಸರು ವಾದ ಮಾಡಿಕೊಳ್ಳಲಿ, ನನಗೆ ಅವು ಹರಕೆಯೇ. ಮರ ಉಳಿದದ್ದು ನೀರಿನ ದಯೆ. ಗುಡಿ ಇದ್ದದ್ದು ಇಂಬ್ರಾಸೋಸ್ ಹೊಳೆಯ ಜೌಗು ನೆಲದಲ್ಲಿ. ಒದ್ದೆ ಮಣ್ಣಿನೊಳಗೆ ಗಾಳಿ ಆಡಲಿಲ್ಲ, ಮರ ಕೊಳೆಯಲಿಲ್ಲ.

ಈಗ ಗುಡಿಗೆ ಹೋಗಿ, ಬಿಸಿಲು ಇಳಿದ ಮೇಲೆ. ನೀರಿನ ಬಾಟಲಿ ಮರೆಯಬೇಡಿ. ಹೇರಾ ಹುಟ್ಟಿದ್ದು ಇಲ್ಲಿನ ಲೈಗೋಸ್ ಗಿಡದ ಕೆಳಗಂತೆ. ಅದು ನಮ್ಮ ಬೇಲಿ ಬದಿಯ ಲಕ್ಕಿ ಗಿಡದ ಹತ್ತಿರದ ನೆಂಟ. ಒಮ್ಮೆ ಕಡಲ್ಗಳ್ಳರು ಮೂರ್ತಿಯನ್ನು ಕದ್ದು ಹಡಗಿಗೆ ಏರಿಸಿದರು. ಎಷ್ಟು ಹುಟ್ಟು ಹಾಕಿದರೂ ಹಡಗು ಕದಲಲಿಲ್ಲ. ಹೆದರಿ ಮೂರ್ತಿಯನ್ನು ದಡಕ್ಕೆ ಇಳಿಸಿ, ಎಡೆ ಇಟ್ಟು, ಓಡಿದರಂತೆ.

ಕೊನೆಗೆ ಕಂಬ ಬಿಟ್ಟು, ನೆಲದಲ್ಲಿ ಉದ್ದಕ್ಕೆ ಹಾಸಿದ ಕಲ್ಲಿನ ಬುನಾದಿ ಹುಡುಕಿ. ಅದರ ಮೇಲೆ ನಿಜವಾದ ಹಡಗನ್ನೇ ದೇವಿಗೆ ಕೊಟ್ಟು ನಿಲ್ಲಿಸಿದ್ದರು. ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ನೋಡಿ. ಎರಡನೇ ಸಲ ಬಂದಾಗ ನನ್ನ ಹೆಂಡತಿ ಹಾಗೆ ನಡೆದು, ಸಮುದ್ರದ ಕಡೆ ತಿರುಗಿ, "ಅಲ್ಲಿಂದ ಇಲ್ಲಿಗೆ ಎಳೆಯೋಕೆ ಎಷ್ಟು ಜನ ಬೇಕಾಯ್ತೋ!" ಅಂದಳು.